ಅಂಗಡಿ ಬಾಗಲದಾಗ ನಮ್ಮವ್ವನ ಕಳ್ಳಿ ಅಂತ ಹಿಡಿದು ನಿಲ್ಲಿಸಿದ್ರು, ಏನೂ ಸಿಗಲಿಲ್ಲ, ಈಗ ಏನ್ ಮಾಡ್ಲಿ?

ಇಂಡಿ_ಮಗಳು (ಪುಣೆ):

ನಮಸ್ಕಾರ ರೀ ಎಲ್ಲಾರಿಗೂ. ಮೂರು ದಿವಸ ಆತು ಇದನ್ನ ಬರೀಲೋ ಬ್ಯಾಡೋ ಅಂತ ಕುಂತೀನಿ, ಇವತ್ತ ಅವ್ವ ಮಲಗಿದ ಮ್ಯಾಲ ಬರೀಲಾಕತ್ತೀನಿ, ಉದ್ದ ಆಗ್ತದ, ದಯಮಾಡಿ ಪೂರ್ತಿ ಓದ್ರಿ.

ನಾವು ಇರೋದು ಪಿಂಪಳೆ ಸೌದಾಗರದಾಗ. ಅವ್ವ ಇಂಡಿ ತಾಲೂಕಿನ ಹಳ್ಳಿಯಾಕಿ, ಅರವತ್ತೆರಡು ವಯಸ್ಸು, ಮೊಮ್ಮಗಳ ಎರಡನೇ ಹುಟ್ಟಹಬ್ಬಕ್ಕ ಅಂತ ಸ್ವಾರಗೇಟ್ ತನಕ ಒಬ್ಬಾಕೀನ ಬಸ್ಸಿನ್ಯಾಗ ಬಂದಾಳ. ಹ್ವಾದ ರವಿವಾರ ಸಂಜಿಕ ಇಲ್ಲೇ ಸನೇಕ ಇರೋ ಒಂದು ದೊಡ್ಡ ಬಟ್ಟಿ ಅಂಗಡಿಗೆ ಹೋಗಿದ್ವಿ, ಹೆಸರು ಬರ್ಯಂಗಿಲ್ಲ. ಕೂಸಿನ ಫ್ರಾಕ್ ತನ್ನ ರೊಕ್ಕದಾಗೇ ಕೊಡಸ್ತೀನಿ ಅಂತ ಅವ್ವನ ಹಠ, ಶೇಂಗಾ ಮಾರಿದ ರೊಕ್ಕ ಚಂಚ್ಯಾಗ ಮಡಚಿ ಇಟಗೊಂಡು ಬಂದಿದ್ಲು. ಹಳದಿ ಫ್ರಾಕ್ ಒಂದು ಆಕೀನ ಆರಿಸಿದ್ಲು, ಏಳನೂರಾ ನಲವತ್ತ ರೂಪಾಯಿ. ಬಿಲ್ಲಿನ ಸಾಲು ಉದ್ದ ಇತ್ತು, ಎಸಿ ಥಂಡಿಗೆ ಮೊಣಕಾಲ ಹಿಡೀತದ, ನೀ ಬಿಲ್ ಮಾಡಿಸ್ಕೊಂಡು ಬಾ ನಾ ಹೊರಗ ಕುಂದರ್ತೀನಿ ಅಂತ ರೊಕ್ಕ ನನ್ನ ಕೈಯಾಗ ಕೊಟ್ಟು ಬಾಗಲ ಕಡೆ ಹ್ವಾದ್ಲು. ಅಲ್ಲಿ ಎರಡು ಕಂಬ ನಿಲ್ಲಿಸಿರ್ತಾರಲ್ಲ, ಅದರ ನಡುವ ಹೆಜ್ಜಿ ಇಟ್ಟಾಳ, ಸೈರನ್ ಹೊಡೀತು.

ನಾ ತಿರುಗಿ ನೋಡೂದ್ರಾಗ ಸೆಕ್ಯುರಿಟಿಯವ ಅವ್ವನ ರಟ್ಟಿ ಹಿಡಿದಿದ್ದ. ನಮ್ಮವ್ವ ಗಡಿ ಊರಾಕಿ, ಮರಾಠಿ ಛಲೋನ ಮಾತಾಡ್ತಾಳ, ಆದ್ರ ಅವ ಹಿಂದ್ಯಾಗ ಕೇಳ್ಲಾಕತ್ತಾನ, ಕ್ಯಾ ಛುಪಾಯಾ ಅಂತ, ಅವ್ವಗ ಬಾಯೇ ಬರಲಿಲ್ಲ, ಸುಮ್ನ ನಿಂತಳ. ಸುಮ್ನ ನಿಂತಿದ್ದಕ್ಕ ಅವರು ತಪ್ಪು ಮಾಡ್ಯಾಳ ಅಂತ ತಿಳಕೊಂಡ್ರು ಅನಸ್ತದ. ಆಕೀ ಬ್ಯಾಗ್ ಬಾಗಲದಾಗಿನ ಟೇಬಲ್ ಮ್ಯಾಲ ಬೋರಲ ಹಾಕಿದ್ರು. ಎಲಿ ಅಡಿಕಿ, ಸುಣ್ಣದ ಡಬ್ಬಿ, ಬಿಪಿ ಗುಳಗಿ, ಆಧಾರ ಕಾರ್ಡ, ದೇವರ ಭಂಡಾರದ ಪುಡಕಿ, ಎಲ್ಲಾ ಮಂದಿ ಮುಂದ. ನಾ ಕೂಸಿನ ಎತಗೊಂಡು ಓಡಿ ಬರೂದ್ರಾಗ ಒಳಗಿನ ಖೋಲಿಗೆ ಕರಕೊಂಡು ಹೋಗಿದ್ರು. ಅಲ್ಲಿ ಕೆಲಸದ ಹುಡಗಿ ಒಬ್ಬಾಕಿ ಅವ್ವನ ಸೆರಗ ಜಾಡಿಸಿ, ಚಂಚಿ ಬಿಚ್ಚಿಸಿ ನೋಡಿದ್ಲು. ನನಗ ಒಳಗ ಬಿಡಲಿಲ್ಲ, ಹತ್ತತ್ರ ಇಪ್ಪತ್ತೈದು ಮಿನಿಟು ಬಾಗಲಾ ಬಡೀಕೋತ ನಿಂತೀನಿ. ಏನೂ ಸಿಗಲಿಲ್ಲ. ಮ್ಯಾನೇಜರ್ ಬಂದು ಮಶೀನ್ ಕೆಟ್ಟಿರಬೇಕು ಮ್ಯಾಡಮ್, ಇದು ನಮ್ಮ ಡ್ಯೂಟಿ ಅಂದ. ತಪ್ಪಾತು ಅಂತ ಒಂದು ಮಾತು ಯಾರ ಬಾಯಿಂದನೂ ಬರಲಿಲ್ಲ.

ಫ್ರಾಕ್ ಮನಿಗೆ ಬಂತು, ಅವ್ವ ಅದನ್ನ ಕೂಸಿಗೆ ಹಾಕಬ್ಯಾಡ ಅಂದ್ಲು. ಊರಿಗೆ ಹಚ್ಚಿ ಕೊಡು ಅಂತಾಳ. ಗ್ಯಾಲರ್‍ಯಾಗ ಕುಂತು ಒಂದ ಮಾತು ಕೇಳ್ತಾಳ, ಅಷ್ಟು ಮಂದಿ ದಾಟಿದ್ರು, ಅದು ನನ್ನ ಮ್ಯಾಲ ಯಾಕ ಹೊಡೀತು? ನಾ ಏನ್ ಹೇಳ್ಲಿ? ನನಗ ಅವರ ರೊಕ್ಕ ಬ್ಯಾಡ. ಇದಕ್ಕೊಂದು ಉತ್ತರ ಬೇಕು, ಮತ್ತ ಅವರು ಅವ್ವನ ಮುಂದ ತಪ್ಪಾತು ಅನ್ನಬೇಕು. ನಮ್ಮನಿಯವರು ಬಿಡು ಅಂತಾರ. ಯಾರಿಗಾದ್ರೂ ಹಿಂಗ ಆಗಿದ್ರ ಏನ್ ಮಾಡಿದ್ರಿ ಹೇಳ್ರಿ.

ಮಂಡ್ಯ_ಟು_ವಿಮಾನ್‌ನಗರ್:

ಓದಿ ತುಂಬಾ ಬೇಜಾರಾಯ್ತು. ನಾನು ಒಂಬತ್ತು ವರ್ಷ ಬಟ್ಟೆ ಅಂಗಡಿಗಳಲ್ಲೇ ಕೆಲಸ ಮಾಡಿದೋನು, ಅದರಲ್ಲಿ ನಾಲ್ಕು ವರ್ಷ ಈ ಕಳ್ಳತನ ತಡೆಯೋ ವಿಭಾಗದಲ್ಲಿ, ಪುಣೆಲೇ. ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ ಇರುತ್ತೆ, ದಯವಿಟ್ಟು ಒಂದು ಕೆಲಸ ಮಾಡಿ, ಅವರ ಬ್ಯಾಗನ್ನ ಬೆಳಕಲ್ಲಿ ಇಟ್ಕೊಂಡು ಒಳಗಿನ ಸಣ್ಣ ಜಿಪ್ಪು, ಅಸ್ತರಿನ ಮೂಲೆ, ತಳದ ರಟ್ಟಿನ ಕೆಳಗೆ ಕೈ ಹಾಕಿ ತಡವಿ ನೋಡಿ. ಬ್ಯಾಗ್ ಹೊಸದಾ? ಚಪ್ಪಲಿ, ಸ್ವೆಟರು ಹೊಸದಾಗಿದ್ರೆ ಅವನ್ನೂ ನೋಡಿ.

ಯಾಕೆ ಹೇಳ್ತೀನಿ ಅಂದ್ರೆ ಆ ಕಂಬಗಳಿಗೆ ಕಳ್ಳ ಯಾರು ಅಂತ ಗೊತ್ತಾಗಲ್ಲ, ಅದಕ್ಕೆ ಗೊತ್ತಾಗೋದು ಹತ್ತಿರದಲ್ಲಿ ಒಂದು ಜೀವಂತ ಟ್ಯಾಗ್ ಇದೆ ಅಂತ ಮಾತ್ರ. ಟ್ಯಾಗ್ ಅಂದ್ರೆ ಕಳ್ಳತನ ತಡೆಯೋಕೆ ಸಾಮಾನಿಗೆ ಹಾಕೋ ಗುರುತು, ಜೀವಂತ ಅಂದ್ರೆ ಇನ್ನೂ ಆಫ್ ಮಾಡದೇ ಇರೋದು. ಎರಡು ಜಾತಿ ಜಾಸ್ತಿ ಬಳಕೆಲಿದೆ. ಒಂದು 8.2 ಮೆಗಾಹರ್ಟ್ಸ್ ರೇಡಿಯೋದು, ಚೌಕ ಸ್ಟಿಕ್ಕರು, ಒಳಗೆ ಸುರುಳಿ ತಂತಿ ಥರ ಇರುತ್ತೆ. ಇನ್ನೊಂದು 58 ಕಿಲೋಹರ್ಟ್ಸ್‌ದು, ಅರ್ಧ ಬೆರಳುದ್ದದ ಸಣ್ಣ ಪ್ಲಾಸ್ಟಿಕ್ ಪಟ್ಟಿ, ಮೇಲೆ ಬಾರ್‌ಕೋಡ್ ಥರ ಕಪ್ಪು ಗೆರೆ ಅಚ್ಚು ಹಾಕಿರ್ತಾರೆ, ಉಗುರಲ್ಲಿ ಒತ್ತಿದ್ರೆ ಒಳಗೆ ಟೊಳ್ಳು ಅನ್ಸುತ್ತೆ. ಅದರೊಳಗೆ ಒಂದು ತೆಳು ಲೋಹದ ಹಾಳೆ ಸಡಿಲವಾಗಿ ಕೂತಿರುತ್ತೆ, ಕಂಬ ಒಂದು ಸಿಗ್ನಲ್ ಬಿಟ್ಟು ನಿಲ್ಲಿಸಿದಾಗ ಈ ಹಾಳೆ ಮಾತ್ರ ಇನ್ನೂ ಒಂಚೂರು ಹೊತ್ತು ಅದುರ್ತಾ ಇರುತ್ತೆ, ದೇವಸ್ಥಾನದ ಗಂಟೆ ಹೊಡೆದು ಕೈ ತೆಗೆದ ಮೇಲೂ ಗುಂಯ್ ಅನ್ನಲ್ವಾ, ಹಾಗೆ. ಕಂಬ ಆ ಉಳಿದ ಅದುರನ್ನ ಕೇಳಿಸ್ಕೊಂಡು ಹೊಡ್ಕೊಳ್ಳುತ್ತೆ. ಬಿಲ್ ಕೌಂಟರಲ್ಲಿ ಒಂದು ಪ್ಯಾಡ್ ಮೇಲೆ ಸಾಮಾನು ಸವರ್ತಾರಲ್ಲ, ಅಲ್ಲಿ ಅದರ ಕಾಂತಶಕ್ತಿ ತೆಗೆದು ಸಾಯಿಸ್ತಾರೆ.

ಈಗ ಮುಖ್ಯವಾದ ವಿಷಯ. ಎಷ್ಟೋ ಬ್ಯಾಗು, ಚಪ್ಪಲಿಗಳಿಗೆ ಈ ಪಟ್ಟಿನ ಫ್ಯಾಕ್ಟರಿಲೇ ಒಳಗೆ ಸೇರಿಸಿ ಕಳಿಸ್ತಾರೆ. ಅದು ಕಂಬ ಇರೋ ದೊಡ್ಡ ಅಂಗಡಿಗೂ ಹೋಗುತ್ತೆ, ಕಂಬ ಗಿಂಬ ಏನೂ ಇಲ್ಲದ ಊರಿನ ಅಂಗಡಿಗೂ ಹೋಗುತ್ತೆ. ಊರಿನ ಅಂಗಡಿಯವನಿಗೆ ಅದು ಇರೋದೇ ಗೊತ್ತಿರಲ್ಲ, ಸಾಯಿಸೋ ಪ್ಯಾಡೂ ಇರಲ್ಲ. ನ್ಯಾಯವಾಗಿ ದುಡ್ಡು ಕೊಟ್ಟು ತಗೊಂಡೋರು ಆ ಪಟ್ಟಿನ ಜೀವಂತವಾಗೇ ಹೊತ್ಕೊಂಡು ತಿರುಗ್ತಾರೆ, ಅದೇ ಜಾತಿ ಕಂಬ ಇರೋ ಅಂಗಡಿಗೆ ಕಾಲಿಟ್ಟ ದಿನ ಹೊಡ್ಕೊಳ್ಳುತ್ತೆ. ಒಳಗೆ ಹೋಗ್ವಾಗ ಹೊಡೀಲಿಲ್ವಾ ನೆನಪು ಮಾಡ್ಕೊಳ್ಳಿ, ಭಾನುವಾರದ ಜನಜಂಗುಳಿಲಿ ಒಳಗೆ ಬರೋರಿಗೆ ಹೊಡ್ಕೊಂಡ್ರೆ ಗಾರ್ಡು ತಿರುಗಿ ಕೂಡ ನೋಡಲ್ಲ.

ನಮಗೆ ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ದು ಇಷ್ಟು: ಸಾಮಾನು ಎತ್ತಿದ್ದು ನೀನು ಕಣ್ಣಾರೆ ನೋಡಿರಬೇಕು, ಬಚ್ಚಿಟ್ಟಿದ್ದು ನೋಡಿರಬೇಕು, ಅಲ್ಲಿಂದ ಬಾಗಿಲ ತನಕ ಒಂದು ಕ್ಷಣಾನೂ ಕಣ್ಣು ತಪ್ಪಿರಬಾರದು, ದುಡ್ಡು ಕೊಡದೆ ದಾಟಿದ್ದು ನೋಡಿರಬೇಕು. ಇದರಲ್ಲಿ ಒಂದು ತಪ್ಪಿದ್ರೂ ಕೈ ಹಾಕಬೇಡ. ಬರೀ ಸೈರನ್ ಹೊಡೆದ್ರೆ ಹೇಳಬೇಕಾದ ಮಾತು, ಕ್ಷಮಿಸಿ, ನಮ್ಮವರು ಟ್ಯಾಗ್ ತೆಗೆಯೋದು ಮರೆತಿರಬಹುದು, ಒಂದ್ಸಲ ನೋಡೋಣ್ವಾ ಅಂತ. ಆಮೇಲೆ ಬ್ಯಾಗನ್ನ ಬೇರೆ, ಮನುಷ್ಯರನ್ನ ಬೇರೆ ದಾಟಿಸಿದ್ರೆ ಒಂದೇ ನಿಮಿಷದಲ್ಲಿ ಯಾವುದು ಹೊಡೀತಿದೆ ಗೊತ್ತಾಗುತ್ತೆ. ಆ ಒಂದು ನಿಮಿಷದ ಕೆಲಸ ಮಾಡಿದ್ರೆ ಅಮ್ಮನ ಸೆರಗು ಮುಟ್ಟೋ ಪ್ರಮೇಯವೇ ಬರ್ತಿರಲಿಲ್ಲ, ಅದೇ ನನಗೆ ಸಂಕಟ ಆಗ್ತಿರೋದು.

ಏನಾದ್ರೂ ಸಿಕ್ರೆ ಎಸೀಬೇಡಿ, ಕತ್ತರಿಸಬೇಡಿ, ಇರೋ ಜಾಗದಲ್ಲೇ ಫೋಟೋ ತೆಗೀರಿ.

ಡೊಂಬಿವಲಿ_ವಕೀಲ:

ಇದನ್ನು ಬಿಡುವಂಥದ್ದಲ್ಲ ಮಾರಾಯ್ರೆ. ನಾನು ಮುಂಬೈಯಲ್ಲಿ ವಕೀಲಿ ಮಾಡುವವ, ಕಾಗದ ಪತ್ರ ನೋಡದೆ ಪೂರ್ತಿ ಸಲಹೆ ಕೊಡ್ಲಿಕ್ಕೆ ಆಗುದಿಲ್ಲ, ಆದ್ರೂ ಕೆಲವು ಸಂಗತಿ ನಿಮಗೆ ಗೊತ್ತಿರಬೇಕು.

ಮೊದಲ ಕೆಲಸ ನಾಳೆ ಬೆಳಿಗ್ಗೆಯೇ ಮಾಡಿ, ಸಿಸಿಟಿವಿ. ಚಿತ್ರ ರೆಕಾರ್ಡ್ ಆಗುವ ಡಬ್ಬಿಯ ಹಾರ್ಡ್ ಡಿಸ್ಕ್ ತುಂಬಿದ ಹಾಗೆ ಹಳೇ ಚಿತ್ರದ ಮೇಲೆ ಹೊಸದು ಕೂರ್ತದೆ, ಕೆಲವು ಕಡೆ ಹದಿನೈದೇ ದಿನಕ್ಕೆ ಹೋಗ್ತದೆ. ತಾರೀಕು, ಗಂಟೆ, ಯಾವ ಬಾಗಿಲು, ಒಳಗಿನ ಕೋಣೆ ಎಲ್ಲಿ, ಎಲ್ಲ ಬರೆದು, ಈ ಹೊತ್ತಿನ ಚಿತ್ರ ಅಳಿಸದೆ ತೆಗೆದಿಡಬೇಕು ಅಂತ ಅಂಗಡಿಗೂ ಅವರ ಹೆಡ್ ಆಫೀಸಿಗೂ ಈಮೇಲ್ ಮಾಡಿ, ಅದೇ ಪತ್ರ ಸ್ಪೀಡ್ ಪೋಸ್ಟಲ್ಲಿ ರಿಜಿಸ್ಟರ್ ಮಾಡಿ ಕಳಿಸಿ. ಬಿಲ್ಲು ಜೋಪಾನ ಇಡಿ, ಅದರಲ್ಲಿ ಗಂಟೆ ಅಚ್ಚಾಗಿರ್ತದೆ.

ಇನ್ನು ಕಾನೂನು. ಗಾರ್ಡ್ ಅಂದ್ರೆ ಪೊಲೀಸ್ ಅಲ್ಲ, ನಿಮ್ಮ ನನ್ನ ಹಾಗೆ ಖಾಸಗಿ ಮನುಷ್ಯ. ಖಾಸಗಿ ಮನುಷ್ಯ ಇನ್ನೊಬ್ಬರನ್ನು ಹಿಡಿಯುವ ಅಧಿಕಾರ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) 40ನೇ ಕಲಮಿನಲ್ಲಿ ಉಂಟು, ಆದ್ರೆ ಅದು ಯಾವಾಗ ಅಂದ್ರೆ ಅವನ ಕಣ್ಣೆದುರೇ ಜಾಮೀನಿಲ್ಲದ, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧ ನಡೆದಾಗ, ಅಥವಾ ಕೋರ್ಟು ಘೋಷಿತ ಅಪರಾಧಿ ಅಂತ ಹೇಳಿದವ ಸಿಕ್ಕಿದಾಗ. ಹಿಡಿದ ಮೇಲೂ ತಡ ಮಾಡದೆ, ಹೆಚ್ಚೆಂದ್ರೆ ಆರು ಗಂಟೆ ಒಳಗೆ, ಪೊಲೀಸರಿಗೆ ಒಪ್ಪಿಸಬೇಕು. 2024ರ ಜುಲೈ 1ರಿಂದ ಹೊಸ ಕಾನೂನು ಬಂತಲ್ಲ, ಅದರಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಮೊದಲ ಕಳ್ಳತನ ಜಾಮೀನು ಸಿಗುವ ಅಪರಾಧ, ಪೊಲೀಸರಿಗೇ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು ಅನ್ನುವ ವರ್ಗದ್ದು. ವಸ್ತು ವಾಪಸ್ ಕೊಟ್ರೆ ಶಿಕ್ಷೆ ಕೂಡ ಸಮಾಜಸೇವೆ. ಈ ಕಲಮು ಹಿಡಿದು ನೋಡಿದ್ರೆ, ಏಳುನೂರು ರೂಪಾಯಿ ಬಟ್ಟೆ ನಿಜವಾಗಿ ಕದ್ದವರನ್ನು ಕೂಡ ಗಾರ್ಡು ಕೋಣೆಗೆ ಹಾಕಿ ಬಾಗಿಲು ಮುಚ್ಚಿದ್ದನ್ನು ಸರಿ ಅನ್ನುವುದು ಕಷ್ಟ. ಇಲ್ಲಿ ಕದ್ದದ್ದೇ ಇಲ್ಲ, ನೋಡಿದವರೂ ಇಲ್ಲ.

ಮತ್ತೆ ಅವರು ಮಾಡಿದ್ದಕ್ಕೆ ಎಂತ ಹೆಸರು ಅಂದ್ರೆ, ದಾರಿ ತಡೆದದ್ದು ನ್ಯಾಯ ಸಂಹಿತೆಯ (ಹಳೇ ಐಪಿಸಿಯ ಜಾಗಕ್ಕೆ ಬಂದದ್ದು) 126, ಕೋಣೆಯಲ್ಲಿ ಇಟ್ಟದ್ದು 127. ಇಪ್ಪತ್ತೈದು ಮಿನಿಟು ಅಂತ ಸಣ್ಣದು ಮಾಡುವುದು ಬೇಡ, 127ಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ 5,000ವರೆಗೆ ದಂಡ ಅಥವಾ ಎರಡೂ ಉಂಟು. ಎರಡಕ್ಕೂ ಪೊಲೀಸರು ಎಫ್‌ಐಆರ್ ಬರೀಬೇಕು, ಸ್ಟೇಷನ್ನಲ್ಲಿ ಎನ್‌ಸಿ (ಎಫ್‌ಐಆರ್ ಇಲ್ಲದ ಸಣ್ಣ ದೂರಿನ ನೋಂದಣಿ) ಬರೆದು ಕಳಿಸ್ತೇನೆ ಅಂದ್ರೆ ಒಪ್ಪಬೇಡಿ. ತಾಯಿಯವರ ಒಪ್ಪಿಗೆ ಇಲ್ಲದೆ ಬ್ಯಾಗು ಹುಡುಕುವ ಹಕ್ಕು ಕೂಡ ಅವರಿಗಿಲ್ಲ, ಬಟ್ಟೆಗೆ ಕೈ ಹಾಕುವುದು ದೂರದ ಮಾತು, ಹುಡುಗಿಯೇ ಹುಡುಕಿದ್ದು ಅಂದ್ರೂ ಅಷ್ಟೇ.

ಪತ್ರದಲ್ಲಿ ಇನ್ನೊಂದು ಕೇಳಿ, ಆ ಗಾರ್ಡ್ ಯಾವ ಏಜೆನ್ಸಿಯವ, ಏಜೆನ್ಸಿಯ ಲೈಸೆನ್ಸ್ ನಂಬರ್ ಎಷ್ಟು ಅಂತ. 2005ರ ಖಾಸಗಿ ಭದ್ರತಾ ಏಜೆನ್ಸಿ ಕಾನೂನಿನಲ್ಲಿ ಲೈಸೆನ್ಸ್ ಇಲ್ಲದೆ ಗಾರ್ಡ್ ಕೊಡುವ ಹಾಗಿಲ್ಲ, ಗಾರ್ಡಿಗೆ ತರಬೇತಿ ಆಗಿರಬೇಕು, ಫೋಟೋ ಇರುವ ಗುರುತಿನ ಚೀಟಿ ಇರಬೇಕು. ಈ ಒಂದು ಸಾಲು ಪತ್ರದಲ್ಲಿ ಇದ್ರೆ ಹೆಡ್ ಆಫೀಸಿನವರು ಎದ್ದು ಕೂರ್ತಾರೆ, ನಾನು ನೋಡಿದ್ದೇನೆ.

ಗ್ರಾಹಕ ಆಯೋಗದ ದಾರಿಯೂ ಉಂಟು, ಎರಡು ವರ್ಷದ ಒಳಗೆ ಹಾಕಬಹುದು, ನೀವು ಇರುವ ಜಿಲ್ಲೆಯಲ್ಲೇ ಹಾಕಬಹುದು, 5 ಲಕ್ಷದವರೆಗಿನ ಖರೀದಿಗೆ ಫೀಸು ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ದೂರು ಬರೆಸಿ, ಕನ್ನಡದಲ್ಲೇ ಮಾತಾಡ್ಲಿಕ್ಕೆ ಆಗ್ತದೆ. ಆದ್ರೆ ನಿಮಗೆ ಬೇಕಾದ್ದು ಕ್ಷಮೆ ಅಂತ ಹೇಳಿದ್ರಲ್ಲ, ಅದನ್ನೇ ಪತ್ರದ ಮೊದಲ ಸಾಲಲ್ಲಿ ಬರೀರಿ. ಕೊನೆಯಲ್ಲಿ ಬರೆದ್ರೆ ಅವರು ಗಿಫ್ಟ್ ವೋಚರ್ ಕಳಿಸಿ ಕೈ ತೊಳ್ಕೊಳ್ತಾರೆ.

ವಾಸ್ಕೋ_ಗದಗ:

ಅಕ್ಕಾರ ನಾ ಗೋವಾದಾಗ ಹದಿನೆಂಟು ವರ್ಷದಿಂದ ಅದೀನಿ, ವಾಯರಿಂಗ್ ಕೆಲಸ. ಇಲ್ಲಿ ನಮಗ ಘಾಟಿ ಅಂತಾರ, ಘಟ್ಟದ ಮ್ಯಾಲಿನವ ಅಂತ, ಮಾರಿ ನೋಡಿ ಅಂದುಬಿಡ್ತಾರ. ಕೆಲಸ ಮುಗಿಸಿ ಮಾಸಿದ ಅಂಗಿಮ್ಯಾಲ ಸೂಪರ್ ಮಾರ್ಕೆಟಿಗೆ ಹ್ವಾದ್ರ ಒಬ್ಬ ಹಿಂದಿಂದ ಬರ್ತಾನ, ನಾ ಸಾಬಾನ ಕಡೆ ಹ್ವಾದ್ರ ಸಾಬಾನ ಕಡೆ, ಎಣ್ಣಿ ಕಡೆ ಹ್ವಾದ್ರ ಎಣ್ಣಿ ಕಡೆ. ನಾಕು ವರ್ಷದ ಹಿಂದ ಒಂದು ಅಂಗಡ್ಯಾಗ ನನ್ನ ಟೆಸ್ಟರ್, ಇಕ್ಕಳ ನೋಡಿ ಇವು ನಮ್ಮ ಅಂಗಡೀವು ಅಂದ್ರು, ಕೈ ಕರೀ ಆದ ಹಳೇ ಇಕ್ಕಳ ರೀ ಅದು, ಹಿಡಿಕಿಗೆ ಟೇಪ್ ಸುತ್ತಿದ್ದೆ, ಆದ್ರೂ ಅಂದ್ರು. ಮುಂಜಾನಿ ಕೆಲಸ ತಪ್ಪಿದ್ರ ಪಗಾರ ಇಲ್ಲ, ನಾ ಪೊಲೀಸು ಗಿಲೀಸು ಅಂತ ಎಲ್ಲಿ ತಿರಗಲಿ, ಸುಮ್ನ ಬಂದೆ.

ಅವತ್ತಿಂದ ನನಗೊಂದು ಚಟ ಬಿದ್ದದ, ಅಂಗಡ್ಯಾಗ ಕೈ ಎರಡೂ ಮುಂದ ಹಿಡಕೊಂಡ ನಡೀತೀನಿ, ಬಿಲ್ ಹಲ್ಲಾಗ ಕಚಗೊಂಡು ಹೊರಗ ಬರ್ತೀನಿ. ಹ್ವಾದ ತಿಂಗಳ ನನ್ನ ಮಗ ಕೇಳಿದ, ಅಪ್ಪಾ ನೀ ಅಂಗಡ್ಯಾಗ ಯಾಕ ಹಂಗ ನಡೀತಿ? ಏಳು ವರ್ಷದ ಹುಡುಗ. ನಿಮ್ಮ ಕೂಸು ಎರಡು ವರ್ಷದ್ದು, ಅದಕ್ಕ ನೆನಪ ಉಳಿಯಂಗಿಲ್ಲ, ನಿಮ್ಮವ್ವಗ ಉಳೀತದ. ನಿಮಗ ಓದು ಬರಹ ಬರ್ತದ, ಬರೀರಿ ಅಕ್ಕಾ.

ಹಡಪ್ಸರ್_ಹೈದ:

ಬೈಕೋಬೇಡಿ, ಗಾರ್ಡ್ ಕಡೆಯಿಂದಾನೂ ಒಂದು ಮಾತು. ಹನ್ನೆರಡು ಗಂಟೆ ನಿಂತಿರ್ತಾನೆ, ಸ್ಟಾಕ್ ಕಮ್ಮಿ ಬಂದ್ರೆ ಅವನ ಸಂಬಳಕ್ಕೆ ಕೈ ಹಾಕ್ತಾರೆ. ಕಂಪ್ಲೇಂಟ್ ಮಾಡಿದ್ರೆ ಕೆಲಸ ಹೋಗೋದು ಅವನದ್ದೇ, ಮ್ಯಾನೇಜರ್ ಆರಾಮಾಗಿರ್ತಾನೆ.

ಮಂಡ್ಯ_ಟು_ವಿಮಾನ್‌ನಗರ್:

ನೀವು ಹೇಳಿದ್ದು ನಿಜ, ಸಂಬಳ ಹಿಡಿಯೋದನ್ನ ನಾನೂ ನೋಡಿದೀನಿ, ನಾನು ಅದಕ್ಕೆ ಜಗಳ ಆಡಿ ಒಂದು ಕಡೆ ಕೆಲಸಾನೂ ಬಿಟ್ಟಿದೀನಿ. ಅದಕ್ಕೇ ದೂರು ಗಾರ್ಡ್ ಹೆಸರಲ್ಲಿ ಬೇಡ, ಕಂಪನಿ ಮೇಲೆ ಇರಲಿ. ಒಳಗಿನ ರೂಮಿಗೆ ಕರ್ಕೊಂಡು ಹೋಗು ಅಂತ ಹೇಳಿದ್ದು ಗಾರ್ಡ್ ಅಲ್ಲ, ರೂಮಿನ ಕೀ ಅವನ ಹತ್ರ ಇರಲ್ಲ. ಅವನಿಗೆ ಸರಿಯಾಗಿ ಕಲಿಸದೆ ಬಾಗಿಲಲ್ಲಿ ನಿಲ್ಲಿಸಿದವರು ಉತ್ತರ ಕೊಡಬೇಕು.

ಇಂಡಿ_ಮಗಳು (ಪುಣೆ):

ಸಿಕ್ತು ರೀ. ಸಿಕ್ತು. ಕೈ ನಡಗ್ಲಾಕತ್ತಾವ.

ಬ್ಯಾಗ್ ಹೊಸದು, ಯುಗಾದಿ ಆದಮ್ಯಾಲ ನಮ್ಮ ತಮ್ಮ ವಿಜಾಪುರದಾಗ ಬಜಾರಿನ ಅಂಗಡ್ಯಾಗ ಕೊಡಿಸಿದ್ದು, ಇಲ್ಲಿಗೆ ಬರೂವಾಗ ಮೊದಲನೇ ಸಲ ಹೊರಗ ತಗದಾಳ. ಒಳಗಿನ ಸಣ್ಣ ಜಿಪ್ಪಿನ್ಯಾಗ ಏನೂ ಇರಲಿಲ್ಲ, ಅಸ್ತರ ಮೂಲ್ಯಾಗ ಕೈಗೆ ಗಟ್ಟಿ ಹತ್ತಿತು, ಹೊಲಿಗಿ ಸ್ವಲ್ಪ ಬಿಟ್ಟಿತ್ತು, ಅಲ್ಲಿಂದ ಇಣಕಿ ನೋಡಿದ್ರ ನೀವು ಹೇಳಿದಂಗ ಬಿಳೀ ಪಟ್ಟಿ, ಕರೀ ಗೆರಿ, ಒತ್ತಿದ್ರ ಟೊಳ್ಳು. ಅವ್ವನ ಎಬ್ಬಿಸಿ ತೋರ್ಸಿದೆ, ರಾತ್ರಿ ಒಂದು ಗಂಟೆಗೆ. ಗಂಟಿ ಮಾತು ಹೇಳಿದೆ, ಫ್ಯಾಕ್ಟರಿ ಮಾತು ಹೇಳಿದೆ. ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ್ಲು. ಇಷ್ಟ ಏನು ಅಂದ್ಲು. ಆಮ್ಯಾಲ ಭಾಳ ಹೊತ್ತು ಅತ್ತಳು, ರವಿವಾರದಿಂದ ಒಂದು ಹನಿ ಕಣ್ಣೀರ ಹಾಕಿರಲಿಲ್ಲ ಆಕಿ. ನಾ ಏನರೆ ಪಾಪ ಮಾಡೀನೇನೋ, ಅದಕ್ಕ ನನ್ನ ಮ್ಯಾಲ ಹೊಡೀತೇನೋ ಅಂತ ಕುಂತಿದ್ನೆವ್ವಾ ಅಂದ್ಲು.

ಮುಂಜಾನೆ ಎದ್ದು ಈಮೇಲ್ ಕಳಿಸೀನಿ, ವಕೀಲರು ಹೇಳಿದಂಗ ಕ್ಷಮೆ ಮೊದಲನೇ ಸಾಲಿನ್ಯಾಗ, ಚಿತ್ರ ಅಳಿಸಬ್ಯಾಡ್ರಿ ಅಂತ ಎರಡನೇದು, ಏಜೆನ್ಸಿ ಲೈಸೆನ್ಸ್ ಮೂರನೇದು. ಗಾರ್ಡಿನ ಕೆಲಸ ತಗೀಬ್ಯಾಡ್ರಿ ಅಂತನೂ ಬರ್ದೀನಿ, ಅದು ಅವ್ವ ಹೇಳಿ ಬರಸಿದ್ದು. ಪೋಸ್ಟೂ ಮಾಡೀನಿ. ವಾಸ್ಕೋ ಅಣ್ಣಾರ, ನಿಮ್ಮ ಮಾತು ಅವ್ವಗ ಓದಿ ಹೇಳಿದೆ. ಆ ಹುಡುಗಗ ನಾ ಕೇಳಿದೆ ಅಂತ ಹೇಳು ಅಂದ್ಲು.

ಇಂಡಿ_ಮಗಳು (ಪುಣೆ):

ಆರು ದಿವಸದ ಮ್ಯಾಲ ಬರೀಲಾಕತ್ತೀನಿ. ಮೊದಲು ಅಂಗಡಿಯಿಂದ ಎರಡು ಸಾವಿರದ ವೋಚರ್ ಬಂತು, ವಕೀಲರು ಹೇಳಿದಂಗೇ. ಅದನ್ನ ತಿರುಗಿ ಕಳಿಸಿ, ಪತ್ರದ ಮೊದಲನೇ ಸಾಲು ಇನ್ನೊಮ್ಮಿ ಓದ್ರಿ ಅಂತ ಬರದೆ. ನಿನ್ನೆ ಹೆಡ್ ಆಫೀಸಿನಿಂದ ಒಬ್ಬ ಮ್ಯಾಡಮ್ ಫೋನ್ ಮಾಡಿದ್ರು, ಚಿತ್ರ ತೆಗೆದಿಟ್ಟೀವಿ, ನೋಡೀವಿ, ತಪ್ಪು ನಮ್ದು, ಮ್ಯಾನೇಜರ್ ಮನಿಗೇ ಬಂದು ಕ್ಷಮಾ ಕೇಳ್ತಾರ ಅಂದ್ರು. ನಾ ಹೂಂ ಅನ್ನೂದಿತ್ತು, ಅವ್ವ ಬ್ಯಾಡ ಅಂತ ಕೈ ಮಾಡಿದ್ಲು. ಮನ್ಯಾಗ ಯಾಕ, ನನ್ನ ಚೀಲ ಬೋರಲ ಹಾಕಿದ ಜಾಗದಾಗ ನಿಂತು ಹೇಳ್ಲಿ, ಮರಾಠ್ಯಾಗ ಹೇಳ್ಲಿ, ನನಗ ತಿಳೀತದ ಅಂದ್ಲು. ಒಪ್ಪಿಗೊಂಡಾರ. ಬರೂ ಶನಿವಾರ ಮುಂಜಾನಿ ಹನ್ನೊಂದಕ್ಕ. ಬರವಣಿಗ್ಯಾಗೂ ಕೊಡ್ತಾರಂತ. ಪೊಲೀಸ್ ಕಡೆ ಹೋಗೂದು ಅದಾದ ಮ್ಯಾಲ ಅವ್ವನ ಕೇಳಿ ನೋಡ್ತೀನಿ. ನಮ್ಮನಿಯವರಿಗೆ ಅವತ್ತ ಡ್ಯೂಟಿ, ನನಗ ಒಬ್ಬಾಕಿಗೆ ಎದಿ ಡವಡವ ಅಂತದ.

ಚಿಂಚವಾಡ_ಕಲಬುರಗಿ:

ನಾ ಬರ್ತೀನಿ ರೀ ತಂಗಿ. ರಿಟೈರ್ ಆದ ಟೀಚರ್, ಮರಾಠಿ, ಹಿಂದಿ ಎರಡೂ ಬರ್ತಾವ, ಅಂಜೂದಿಲ್ಲ. ಅಂಗಡಿ ಯಾವುದು ಅಂತ ಖಾಸಗಿಯಾಗಿ ತಿಳಸ್ರಿ, ಹತ್ತೂವರಿಗೆ ಬಾಗಲದಾಗ ನಿಂತಿರ್ತೀನಿ. ಅವ್ವಗ ಏನರೆ ಬೇಕಾದ್ರ ಹೇಳ್ರಿ.

ಇಂಡಿ_ಮಗಳು (ಪುಣೆ):

ಏನೂ ಬ್ಯಾಡ ಅಂತಾಳ ರೀ ಅಕ್ಕಾರ, ನೀವು ಬಂದ್ರ ಸಾಕು. ಇಳಕಲ್ ಸೀರಿ ಇಸ್ತ್ರಿಗೆ ಕೊಟ್ಟಾಳ. ನಾ ಹಳೇ ಚೀಲ ತಗೊಂಡು ಹೋಗೂಣು ಅಂದ್ರ ಕೇಳವಲ್ಲಳು, ಅದ ಬ್ಯಾಗ್ ಹಿಡಕೊಂಡು ಬರ್ತಾಳಂತ, ಪಟ್ಟಿ ತಗೀಬ್ಯಾಡ, ಹಂಗ ಇರ್ಲಿ, ಅವರ ಮುಂದ ಇನ್ನೊಮ್ಮಿ ದಾಟ್ತೀನಿ ಅಂತಾಳ.